ನರಿ ಮೊದಲು ಕಚ್ಚಿದ್ದು ಹೆದೆಯನ್ನು

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಕಥೆ ಓದಿ ನೀವು ಬರೆದ ಪತ್ರ ತಲುಪಿತು. ಆ ಕಥೆಯಲ್ಲಿ ತಮ್ಮನ ಪಾಲನ್ನೂ ನುಂಗಿದ ಅಣ್ಣ ಕೊನೆಗೆ ಎಲ್ಲ ಕಳೆದುಕೊಂಡು ಬೀದಿಗೆ ಬೀಳುತ್ತಾನೆ. ನಿಮ್ಮ ತಕರಾರು ಅಲ್ಲಿಂದಲೇ ಶುರು. "ನನ್ನ ಪಾಲು ನುಂಗಿದ ದೊಡ್ಡಪ್ಪನ ಮಗ ಚೆನ್ನಾಗಿಯೇ ಇದ್ದಾನೆ, ರಾತ್ರಿ ಗಡದ್ದಾಗಿ ನಿದ್ದೆ ಹೊಡೆಯುತ್ತಾನೆ. ಹೊರಳಾಡುವವನು ನಾನು. ನ್ಯಾಯ ಕೇಳಿದ್ದಕ್ಕೆ ನನ್ನನ್ನೇ ದುರಾಸೆಯವನು ಅಂದರು. ದುರಾಸೆಗೆ ಶಿಕ್ಷೆ ತಪ್ಪದು ಎಂದು ಸುಳ್ಳು ಹೇಳುತ್ತಲೇ ಬಂದ ನಿಮ್ಮ ಸಾಹಿತಿಗಳಿಗೆ ನಾಚಿಕೆಯಾಗುವುದಿಲ್ಲವೇ?" ಎಂದು ಕೇಳಿದ್ದೀರಿ. ಆಸೆ ಎಲ್ಲಿ ಮುಗಿಯುತ್ತದೆ, ದುರಾಸೆ ಎಲ್ಲಿ ಹುಟ್ಟುತ್ತದೆ, ಗೆರೆ ಎಳೆದು ತೋರಿಸಿ ಎಂದೂ ಬರೆದಿದ್ದೀರಿ.

ತಕರಾರಿನಲ್ಲಿ ಅರ್ಧ ನಿಜವಿದೆ. ಆ ಕಥೆಯ ಕೊನೆ ನನಗೂ ಹಿಡಿಸಿರಲಿಲ್ಲ. ಅಚ್ಚಿಗೆ ಕಳಿಸುವ ಮುನ್ನ ಕೊನೆಯ ಪ್ಯಾರಾ ಕತ್ತರಿಸೋಣವೇ ಅಂದುಕೊಂಡು, ಲೇಖಕರ ಮುಖ ನೆನಪಾಗಿ ಸುಮ್ಮನಾದೆ. ನಿಮ್ಮ ದಾಯಾದಿಗೆ ಶಿಕ್ಷೆಯಾಗುತ್ತದೆಂಬ ಭರವಸೆಯನ್ನೂ ನಾನು ಕೊಡಲಾರೆ, ಆಗದೆಯೂ ಹೋಗಬಹುದು. ಆದರೆ ಒಳ್ಳೆಯ ಕಥೆಗಳು ದುರಾಸೆಯವನ ಬೆನ್ನು ಹತ್ತಿದ್ದು ದಂಡಿಸುವುದಕ್ಕಲ್ಲ, ಅವನು ಏನು ಮಾಡುತ್ತಾನೆಂದು ಹತ್ತಿರದಿಂದ ನೋಡುವುದಕ್ಕೆ.

ಪಂಚತಂತ್ರದ ನರಿಯನ್ನು ನೆನಪಿಸಿಕೊಳ್ಳಿ. ಬೇಟೆಗಾರ ಹಂದಿಗೆ ಬಾಣ ಬಿಟ್ಟ, ಹಂದಿ ಅವನನ್ನು ಸೀಳಿತು, ಇಬ್ಬರೂ ಸತ್ತು ಬಿದ್ದರು. ಅಲ್ಲಿಗೆ ಬಂದ ನರಿಗೆ ದಿನಗಟ್ಟಲೆ ಸಾಕಾಗುವಷ್ಟು ಮಾಂಸ. ಅದು ಬಾಯಿ ಹಾಕಿದ್ದು ಮಾತ್ರ ಬಿಲ್ಲಿನ ಹೆದೆಗೆ. ನರದಿಂದ ಹೊಸೆದ ಹೆದೆ. ಇವತ್ತಿಗೆ ಇದರಲ್ಲೇ ಸುಧಾರಿಸಿದರೆ ಮಾಂಸವೆಲ್ಲ ಉಳಿಯುತ್ತದಲ್ಲ ಎಂಬ ಲೆಕ್ಕ. ಹೆದೆ ಹರಿಯಿತು, ಬಿಲ್ಲಿನ ತುದಿ ಚಿಮ್ಮಿ ತಿವಿಯಿತು, ನರಿ ಸತ್ತಿತು. "ಅತಿ ಆಸೆ ಗತಿಗೇಡು" ಎಂದು ಮೇಷ್ಟ್ರು ಪುಸ್ತಕ ಮುಚ್ಚುತ್ತಿದ್ದರು. ನನಗೆ ಬಹಳ ವರ್ಷ ಹೊಳೆಯದೆ ಹೋದದ್ದು ಒಂದೇ: ಆ ನರಿ ಹೆಚ್ಚು ತಿಂದು ಸಾಯಲಿಲ್ಲ, ತಿನ್ನದೆ ಸತ್ತಿತು. ಹೊಟ್ಟೆಬಾಕತನವೇ ಬೇರೆ, ಲೋಭವೇ ಬೇರೆ. ಹೊಟ್ಟೆಬಾಕನಿಗೆ ಹೊಟ್ಟೆ ತುಂಬಿದ ಮೇಲಾದರೂ ಒಂದು ತೇಗು ಬರುತ್ತದೆ. ಲೋಭಿಯ ಊಟ ಯಾವತ್ತೂ ನಾಳೆಗೆ.

ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್ 1833ರಲ್ಲಿ ಬರೆದ 'ಯುಜೆನಿ ಗ್ರಾಂದೆ' ಕಾದಂಬರಿಯ ಮುದುಕನೂ ಇದೇ ಜಾತಿಯವನು. ಮನೆ ತುಂಬ ಚಿನ್ನ, ಸಕ್ಕರೆಗೂ ಲೆಕ್ಕ. ಸಾಯುವ ಹೊತ್ತಿನಲ್ಲಿ ಪಾದ್ರಿ ಮುತ್ತಿಡಲೆಂದು ಚಿನ್ನದ ಮುಲಾಮಿನ ಶಿಲುಬೆಯನ್ನು ತುಟಿಯ ಹತ್ತಿರ ತಂದರೆ, ಮುದುಕ ಅದನ್ನು ಕಿತ್ತುಕೊಳ್ಳಲು ಕೈ ಚಾಚುತ್ತಾನೆ. ಆ ಶ್ರಮಕ್ಕೇ ಜೀವ ಹೋಗುತ್ತದೆ. ಇದನ್ನು ಶಿಕ್ಷೆ ಅನ್ನುತ್ತೀರಾ? ಅವನು ಬದುಕಿದ್ದು ಹಾಗೆ, ಸತ್ತದ್ದೂ ಹಾಗೆ. ನಮ್ಮಲ್ಲಿ ಜಿಪುಣನಿಗೆ 'ಕೃಪಣ' ಎಂಬ ಮಾತಿದೆಯಲ್ಲ, ಸಂಸ್ಕೃತದಲ್ಲಿ ಅದಕ್ಕೆ ಮರುಕ ಹುಟ್ಟಿಸುವವನು, ದೀನ ಎಂಬ ಅರ್ಥ. ಇಂಗ್ಲಿಷಿನವರ 'ಮೈಸರ್' ಬಂದದ್ದೂ ದೀನ ಎನ್ನುವ ಲ್ಯಾಟಿನ್ ಮಾತಿನಿಂದ. ಎರಡು ಕಡೆಯವರೂ ಅವನನ್ನು ನೋಡಿ ಬೈಯುವ ಮೊದಲು ಅಯ್ಯೋ ಅಂದಿದ್ದಾರೆ.

ಮರುಕ ನಿಮಗೆ ಈಗ ಬೇಡ, ಗೊತ್ತು. ಗೆರೆಯ ವಿಚಾರಕ್ಕೆ ಬರುತ್ತೇನೆ.

ಆ ಗೆರೆ ಮೊತ್ತದಲ್ಲಿ ಸಿಗುವುದಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತದೆ. ಗಂಡ ಮಾರಯ್ಯನ ಕಾಯಕ ನೆಲಕ್ಕೆ ಬಿದ್ದ ಅಕ್ಕಿ ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಕದ್ದದ್ದಲ್ಲ, ಯಾರ ತಲೆ ಒಡೆದದ್ದೂ ಅಲ್ಲ, ಇನ್ನೊಂದಿಷ್ಟು ಆಯ್ದದ್ದು, ಅಷ್ಟೆ. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಎಂದು ಅವಳು ವಾಪಸು ಕಳಿಸಿದಳು. ಆಸೆ ಇರುವುದು ಅರಸರಿಗೆ, ಶಿವಭಕ್ತರಿಗೆ ಉಂಟೇ ಎಂದು ಅದೇ ವಚನದಲ್ಲಿ ಅರಸರ ಕಡೆಗೂ ಒಂದು ಏಟು ಬೀಸಿದ್ದಾಳೆ. ಒಂದು ಹಿಡಿ ಅಕ್ಕಿಯಲ್ಲಿ ಅವಳಿಗೆ ಕಂಡದ್ದು ನಾಳೆಯ ಮೇಲಿನ ಭಯ. ಇನ್ನೊಂದು ವಿಷಯ: ಆ ಮಾತನ್ನು ಅವಳು ಆಡಿದ್ದು ತನ್ನ ಗಂಡನಿಗೆ, ತನ್ನ ಮನೆಯ ಮಡಕೆಯ ಬಗ್ಗೆ. ಪಕ್ಕದ ಮನೆಯ ಬಡವನ ಮಡಕೆಯಲ್ಲಿ ಇಣುಕಿ ಹೇಳಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಟಾಲ್‌ಸ್ಟಾಯ್ 1886ರಲ್ಲಿ ಬರೆದ ಕಥೆಯೊಂದರಲ್ಲಿ ಪಹೋಮ್ ಎಂಬ ರೈತ ಬರುತ್ತಾನೆ. ಒಂದು ದಿನದಲ್ಲಿ ಎಷ್ಟು ಸುತ್ತುತ್ತಾನೋ ಅಷ್ಟು ನೆಲ ಅವನದು, ಸೂರ್ಯ ಮುಳುಗುವುದರೊಳಗೆ ಹೊರಟಲ್ಲಿಗೆ ಮರಳಬೇಕು. ತಿರುಗಿಕೊಳ್ಳಬೇಕಾದ ಹೊತ್ತಿಗೆ ಒಂದು ತೇವದ ತಗ್ಗು ಕಣ್ಣಿಗೆ ಬೀಳುತ್ತದೆ. ಇಲ್ಲಿ ಅಗಸೆ ಚೆನ್ನಾಗಿ ಬಂದೀತು, ಬಿಟ್ಟು ಹೋಗುವುದು ಹೇಗೆ? ಎಂಥ ಸಣ್ಣ, ಎಂಥ ಸರಿಯಾದ ಯೋಚನೆ ನೋಡಿ! ಕೃಷಿಕನ ಬುದ್ಧಿವಂತಿಕೆಯೇ ಅದು. ಅಂಥ ಯೋಚನೆಗಳ ಬೆನ್ನು ಹತ್ತಿ, ಕೊನೆಗೆ ಓಡಿ ಬಂದು ಬಿದ್ದು ಸಾಯುತ್ತಾನೆ. ಅವನಿಗೆ ಬೇಕಾದದ್ದು ಹೂಳುವಷ್ಟು ನೆಲ, ರಷ್ಯದ ಹಳೆಯ ಅಳತೆಯಲ್ಲಿ ಮೂರು ಅರ್ಶಿನ್, ಅಂದರೆ ಸುಮಾರು ಏಳು ಅಡಿ. ಹನ್ನೆರಡು ವರ್ಷ ಕಳೆದು, 1898ರಲ್ಲಿ, ಚೆಕಾಫ್ ತನ್ನ 'ಗೂಸ್‌ಬೆರಿ' ಕಥೆಯ ಪಾತ್ರವೊಂದರ ಬಾಯಲ್ಲಿ ಇದಕ್ಕೆ ಎದುರುತ್ತರ ಹೇಳಿಸಿದ: ಮೂರು ಅರ್ಶಿನ್ ಬೇಕಾದದ್ದು ಹೆಣಕ್ಕೆ, ಮನುಷ್ಯನಿಗಲ್ಲ; ಮನುಷ್ಯನಿಗೆ ಇಡೀ ಭೂಮಂಡಲ ಬೇಕು. ಆ ಪಾತ್ರ ಕೇಳುತ್ತಿರುವುದು ಜಮೀನನ್ನಲ್ಲ, ಚೇತನ ಕೈಕಾಲು ಚಾಚುವಷ್ಟು ಜಾಗವನ್ನು. ನನ್ನ ಓಟು ಚೆಕಾಫನಿಗೆ. ಇಲ್ಲದವನಿಗೆ "ಇಷ್ಟರಲ್ಲೇ ತೃಪ್ತಿ ಪಡು" ಎಂದು ಇದ್ದವನು ಉಪದೇಶ ಮಾಡುವಾಗ 'ದುರಾಸೆ' ಎಂಬ ಪದ ಬಾಯಿ ಮುಚ್ಚಿಸುವ ಬಟ್ಟೆಯಾಗುತ್ತದೆ. ನಿಮ್ಮ ಪಾಲನ್ನು ನೀವು ಕೇಳಿದ್ದು ದುರಾಸೆಯಲ್ಲ. ಹಾಗೆಂದವರು ಪದವನ್ನು ತಪ್ಪಾದ ಮನೆಗೆ ಹಂಚಿದ್ದಾರೆ.

ಬುದ್ಧಿ ಇದ್ದವರು ಇದರಿಂದ ಪಾರು ಅಂದುಕೊಳ್ಳಬೇಡಿ. 1720ರಲ್ಲಿ ಲಂಡನ್ನಿನಲ್ಲಿ ಸೌತ್ ಸೀ ಕಂಪನಿಯ ಷೇರು ಏರುತ್ತಿದ್ದಾಗ ಐಸಾಕ್ ನ್ಯೂಟನ್ ತನ್ನ ಷೇರು ಮಾರಿ ಒಳ್ಳೆಯ ಲಾಭ ಮಾಡಿಕೊಂಡ. ಅಲ್ಲಿಗೆ ನಿಂತಿದ್ದರೆ ಮುಗಿದಿತ್ತು. ಬೆಲೆ ಇನ್ನೂ ಏರಿತು. ಮಾರಿದ್ದಕ್ಕಿಂತ ಹೆಚ್ಚು ಬೆಲೆಗೆ ಮತ್ತೆ ಕೊಂಡು ಭಾರಿ ನಷ್ಟ ಅನುಭವಿಸಿದ. ಮೊದಲ ಸಲ ಅವನು ಲೆಕ್ಕ ನೋಡಿದ್ದ. ಎರಡನೆಯ ಸಲ, ನನ್ನ ಊಹೆ, ಉಳಿದವರ ಮುಖ ನೋಡಿದ್ದ. 1920ರಲ್ಲಿ ಬಾಸ್ಟನ್ನಿನ ವಂಚಕ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇಕಡಾ 50 ಲಾಭ ಕೊಡುತ್ತೇನೆಂದು ಹಣ ಎತ್ತಿದ. ಅವಧಿ ಮುಗಿದಾಗ ಎಷ್ಟೋ ಜನ ಹಣ ತೆಗೆದುಕೊಳ್ಳದೆ ಮತ್ತೆ ಅವನಲ್ಲೇ ಹೂಡಿದರು. ಮಾಂಸ ಎದುರಿಗಿತ್ತು, ಬಾಯಿ ಹೆದೆಯ ಮೇಲಿತ್ತು.

ನಾನೇನು ಸಾಚಾ ಅಲ್ಲ. ಬಹಳ ಹಿಂದೆ ಸ್ನೇಹಿತರೊಬ್ಬರು ತೊಗಲಿನ ರಟ್ಟಿನ ದಪ್ಪ ನೋಟ್‌ಬುಕ್ ಕೊಟ್ಟಿದ್ದರು. ಕಾಗದ ಎಷ್ಟು ನಯವೆಂದರೆ ಬೆರಳು ಜಾರುತ್ತಿತ್ತು. ಸಾಮಾನ್ಯ ಬರಹಕ್ಕೆ ಇದನ್ನು ಹಾಳು ಮಾಡಬಾರದು, ಒಂದು ದೊಡ್ಡ ಕೃತಿ ಬರೆಯುವಾಗ ತೆರೆಯೋಣ ಎಂದು ಮೇಜಿನ ಖಾನೆಯ ತಳದಲ್ಲಿ ಇಟ್ಟೆ. ಆಮೇಲೆ ಬರೆದದ್ದೆಲ್ಲ ಕರಡಚ್ಚಿನ ಬೆನ್ನಿನ ಮೇಲೆ, ಹರಿದ ಲಕೋಟೆಗಳ ಮೇಲೆ. ದೊಡ್ಡ ಕೃತಿ ಬರಲಿಲ್ಲ. ನಿಮ್ಮ ಪತ್ರ ಓದಿದ ರಾತ್ರಿ ಅದು ನೆನಪಾಗಿ ಹೊರತೆಗೆದೆ. ಅಂಚುಗಳು ಕಂದು ತಿರುಗಿದ್ದವು, ಬೆನ್ನಿನ ಅಂಟು ಒಣಗಿ ನಡುವಿನ ಹಾಳೆಗಳು ಬಿಟ್ಟುಕೊಂಡಿದ್ದವು.

ಈ ಉತ್ತರದ ಮೊದಲ ಕರಡನ್ನು ಹಟಕ್ಕೆ ಬಿದ್ದು ಅದರಲ್ಲೇ ಬರೆದೆ. ಶಾಯಿ ಒಡೆದು ಅಕ್ಷರವೆಲ್ಲ ಹರಡಿಕೊಂಡಿತು, 'ಲೋಭಿ' ಎಂಬುದು ನನಗೇ ಓದಲಾಗಲಿಲ್ಲ. ಮಾರನೆಯ ದಿನ ಕಚೇರಿಯ ಹಾಳೆಗೆ ನಕಲು ಮಾಡಿ ಅಚ್ಚಿಗೆ ಕೊಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಇನ್ನೂ ಇನ್ನೂರು ಪುಟವಾದರೂ ಉಳಿದಿವೆ; ಮುಂದಿನ ಪತ್ರದಲ್ಲಿ ಸ್ವಲ್ಪ ಉದ್ದಕ್ಕೇ ಜಗಳವಾಡಿ.

ಸಂಪಾದಕ