ಮೂರು ಗಂಟೆ ಹತ್ತು ನಿಮಿಷದ ಎಚ್ಚರ

ಇಲ್ಲಿನ ವ್ಯಕ್ತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಬೆಂಗಳೂರಿನ ಹಣಕಾಸು ಸಂಸ್ಥೆಯೊಂದರಲ್ಲಿ ಸೈಬರ್ ಭದ್ರತಾ ಮ್ಯಾನೇಜರ್ ಆಗಿರುವ, ನಲವತ್ತು ದಾಟಿದ ಇವರು ಪತ್ನಿಯ ಒತ್ತಾಯಕ್ಕೆ ಮಣಿದು ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬಂದಿದ್ದರು. ಕುಳಿತ ಕೂಡಲೇ ಎರಡು ಮೊಬೈಲ್‌ಗಳನ್ನು ತೊಡೆಯ ಮೇಲಿಟ್ಟುಕೊಂಡರು. ಮುಕ್ಕಾಲು ಗಂಟೆಯಲ್ಲಿ ಅವೆರಡೂ ಒಮ್ಮೆಯೂ ಸದ್ದು ಮಾಡಲಿಲ್ಲ. ಆದರೂ ಇವರ ಕಣ್ಣು ಅತ್ತ ಹೊರಳದೆ ಒಂದು ಮಾತೂ ಮುಗಿಯಲಿಲ್ಲ.

"ಏನೂ ಆಗದಿದ್ದರೆ ನನ್ನ ಕೆಲಸ ಯಾರಿಗೂ ಕಾಣುವುದಿಲ್ಲ ಮೇಡಂ, ಏನಾದರೂ ಆದರೆ ಕಾಣುವುದು ನಾನೊಬ್ಬನೇ" ಎಂದರು.

ಐದು ತಿಂಗಳ ಹಿಂದೆ, ಹಾಸನದಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದಾಗ, ಸಹೋದ್ಯೋಗಿಯೊಬ್ಬರ ಇಮೇಲ್ ಖಾತೆ ವಂಚಕರ ಕೈಸೇರಿತ್ತು. ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ 11.40ಕ್ಕೆ, ಇವರು ನೋಡಿದ್ದು 3.10ಕ್ಕೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಹೋದದ್ದು ಬೆಳಿಗ್ಗೆ 7ಕ್ಕೆ. ಗ್ರಾಹಕರ ಹಣವೇನೂ ಹೋಗಲಿಲ್ಲ. ಅಂದಿನಿಂದ ದಿನವೂ ಅದೇ 3.10ರ ಹೊತ್ತಿಗೆ ಎಚ್ಚರವಾಗಿ, ಎದೆ ಹೊಡೆದುಕೊಂಡು, ಮತ್ತೆ ನಿದ್ದೆ ಬರುವುದಿಲ್ಲ ಎಂದರು. ಆರು ಗಂಟೆಯೊಳಗೆ ವರದಿ ಮಾಡಬೇಕಿತ್ತು, ತಾನು ತಡಮಾಡಿದೆ ಎಂಬುದೊಂದೇ ಕೊರಗು.

ಕಾನೂನು ಹೇಳುವುದು ನನ್ನ ಕೆಲಸವಲ್ಲ. ಹಾಗಾಗಿ ಆ ನಿಯಮವನ್ನು ಕಚೇರಿಯ ಹೊಸಬರಿಗೆ ಹೇಗೆ ಕಲಿಸುತ್ತೀರೋ ಹಾಗೆಯೇ ಬರೆಯಿರಿ ಎಂದು ಕಾಗದ ಕೊಟ್ಟೆ. ಸರ್ಟ್-ಇನ್ ಹೊರಡಿಸಿದ 2022ರ ಏಪ್ರಿಲ್ 28ರ ನಿರ್ದೇಶನ ಎಂದು ಆರಂಭಿಸಿ, "ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ" ಎಂದು ಬರೆದವರು ಪೆನ್ನು ನಿಲ್ಲಿಸಿದರು. 3.10ರಿಂದ ಎಣಿಸಿದರೆ 9.10ರವರೆಗೆ ಅವಕಾಶವಿತ್ತು. ಊರಿಗೆಲ್ಲ ಸರಿಯಾಗಿ ಕಲಿಸಿದ ಲೆಕ್ಕವನ್ನು ತನಗೆ ಮಾತ್ರ 11.40ರಿಂದ ಹಾಕಿಕೊಂಡಿದ್ದರು. ತಪ್ಪಿತಸ್ಥ ಭಾವ ಇಂಥ ಕಳ್ಳಲೆಕ್ಕವನ್ನು ಎಷ್ಟು ಸಲೀಸಾಗಿ ಮಾಡುತ್ತದೆ ಎಂಬುದು ನನಗೆ ಈಗಲೂ ಸೋಜಿಗ.

ಆದರೆ ಇದನ್ನು ಬರೀ ಮನಸ್ಸಿನ ಕಾಯಿಲೆ ಎಂದುಬಿಟ್ಟರೆ ಅನ್ಯಾಯವಾಗುತ್ತಿತ್ತು. ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಯ ಹುದ್ದೆ ಎಂಟು ತಿಂಗಳಿಂದ ಖಾಲಿಯಿದ್ದು, ಆ ಹೊಣೆಯೂ ಇವರ ಹೆಗಲೇರಿತ್ತು. ಇವರು ವರದಿ ಒಪ್ಪಿಸುತ್ತಿದ್ದುದು ಐಟಿ ವಿಭಾಗದ ಮುಖ್ಯಸ್ಥರಿಗೆ. ಭದ್ರತಾ ಅಧಿಕಾರಿ ಐಟಿ ಮುಖ್ಯಸ್ಥರಿಗೆ ನೇರವಾಗಿ ಅಧೀನರಾಗಿರಬಾರದು ಎನ್ನುವ, 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿರ್ದೇಶನ ತಮ್ಮ ಸಂಸ್ಥೆಗೂ ಅನ್ವಯಿಸುತ್ತದೆಂದು ಇವರೇ ಹೇಳಿದರು. ಹೇಳಬೇಕಾದವರಿಗೆ ಹೇಳಿರಲಿಲ್ಲ, ಅಷ್ಟೆ. ಇಪ್ಪತ್ನಾಲ್ಕು ಗಂಟೆಯ ಕಾವಲನ್ನು ಒಬ್ಬರಿಗೇ ಒಪ್ಪಿಸಿದರೆ ಯಾರಿಗೂ ನಿದ್ದೆ ಬಾರದು. ಆದ್ದರಿಂದ, ಖಾಲಿ ಹುದ್ದೆ, ರಾತ್ರಿ ಪಾಳಿಯ ಸರದಿ ಮತ್ತು ವರದಿ ಒಪ್ಪಿಸುವ ಕ್ರಮ, ಈ ಮೂರನ್ನೂ ದೂರಿನ ದನಿಯಿಲ್ಲದೆ, ಸಂಸ್ಥೆಗೆ ಒದಗಬಹುದಾದ ಅಪಾಯವೆಂದು ಲಿಖಿತವಾಗಿ ಮೇಲಿನವರಿಗೆ ತಿಳಿಸುವಂತೆ ಸಲಹೆ ಕೊಟ್ಟೆ.

ಎದೆಬಡಿತಕ್ಕೆ ಬೇರೆ ಕಾರಣವಿದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಲು ಹೇಳಿದೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಎಚ್ಚರವಾದಾಗ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ನಡುಮನೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದ ಮೇಲಷ್ಟೇ ಮಲಗಬೇಕು. ತೀವ್ರ ಎಚ್ಚರಿಕೆಗಳಿಗೆ ಮಾತ್ರ ಫೋನ್ ಗಂಟೆ ಬಾರಿಸುವಂತೆ ಮಾಡಿ ಅದನ್ನು ಕೋಣೆಯ ಹೊರಗಿಡಬೇಕು. ನಡುರಾತ್ರಿ ಮಾತನಾಡಲೇಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದ್ದೇ ಇದೆ ಎಂದೂ ತಿಳಿಸಿದೆ.

ಹುದ್ದೆ ಇನ್ನೂ ಭರ್ತಿಯಾಗಿಲ್ಲ, ಸರದಿ ಮಾತ್ರ ಜಾರಿಗೆ ಬಂದಿದೆ. ವಾರದಲ್ಲಿ ಒಂದೆರಡು ರಾತ್ರಿ ಈಗಲೂ ಎಚ್ಚರವಾಗುತ್ತದೆಯಂತೆ. ಆರನೆಯ ಭೇಟಿಗೆ ಬಂದಾಗ ಒಂದು ಫೋನ್ ಸಹೋದ್ಯೋಗಿಯ ಬಳಿ ಇತ್ತು, ಇನ್ನೊಂದು ಬ್ಯಾಗಿನಲ್ಲಿ; ಆ ಬ್ಯಾಗಿನತ್ತ ಅವರು ಎರಡು ಸಲ ಮಾತ್ರ ನೋಡಿದರು.