1974ರ ಬಾಂಗ್ಲಾ ಕ್ಷಾಮಕ್ಕೆ ಜನಸಂಖ್ಯೆ ಕಾರಣವೆ?

ಪ್ರಶ್ನೆ: ಜನಸಂಖ್ಯೆ ಗುಣೋತ್ತರ ಶ್ರೇಢಿಯಲ್ಲೂ (1, 2, 4, 8) ಆಹಾರ ಸಮಾಂತರ ಶ್ರೇಢಿಯಲ್ಲೂ (1, 2, 3, 4) ಬೆಳೆಯುತ್ತದೆ, ಆದ್ದರಿಂದ ಕ್ಷಾಮ ತಪ್ಪದು ಎಂಬ ಮಾಲ್ಥಸ್‌ನ ಸಿದ್ಧಾಂತವನ್ನು ಪಿಯುಸಿಯಲ್ಲಿ ಓದಿದ್ದೆ. ಬಾಂಗ್ಲಾದೇಶದ 1974ರ ಕ್ಷಾಮ ಅದಕ್ಕೆ ಪುರಾವೆಯಲ್ಲವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲವೆಂದೇ ನನ್ನ ಅಭಿಪ್ರಾಯ. 1798ರಲ್ಲಿ ಮಾಲ್ಥಸ್ ಮಂಡಿಸಿದ ವಾದ ಇಲ್ಲಿ ಅನ್ವಯಿಸುವುದಾಗಿದ್ದರೆ ಆ ವರ್ಷ ತಲಾ ಆಹಾರಧಾನ್ಯದ ಪ್ರಮಾಣ ಕುಸಿದಿರಬೇಕಿತ್ತು. ಆದರೆ 1971ರಿಂದ 1975ರವರೆಗಿನ ವರ್ಷಗಳ ಪೈಕಿ ಅದು ಅತಿ ಹೆಚ್ಚಾಗಿದ್ದದ್ದೇ 1974ರಲ್ಲಿ ಎಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಅಂಕಿಅಂಶಗಳ ಸಮೇತ ತೋರಿಸಿಕೊಟ್ಟರು. ಬ್ರಹ್ಮಪುತ್ರದ ನೆರೆಯಿಂದ ಹಾಳಾದ, ಅಮನ್ ಎಂಬ ಮಳೆಗಾಲದ ಭತ್ತ ಕೊಯ್ಲಿಗೆ ಬರಬೇಕಿದ್ದದ್ದು ವರ್ಷದ ಕೊನೆಗೆ. ರಂಗಪುರ, ಮೈಮನ್‌ಸಿಂಗ್ ಜಿಲ್ಲೆಗಳಲ್ಲಿ ಹಸಿವು ಉಲ್ಬಣಿಸಿದ್ದು ಅದಕ್ಕೂ ಮೊದಲೇ. ನೆರೆ ಬಂದು ಗದ್ದೆಯ ಕೆಲಸ ನಿಂತುಹೋದಾಗ ಭೂಹೀನ ಕೂಲಿಕಾರರ ದುಡಿಮೆ ತಪ್ಪಿತು, ಮುಂದೆ ಅಭಾವವಾಗುತ್ತದೆಂಬ ಭಯಕ್ಕೆ ಅಕ್ಕಿಯ ಬೆಲೆ ಏರಿತು, ಅಕ್ಕಿ ಇದ್ದರೂ ಕೊಳ್ಳಲು ಅವರಲ್ಲಿ ಹಣವಿರಲಿಲ್ಲ. ಅದೇ ಹೊತ್ತಿಗೆ, ಅಮೆರಿಕ, ತನ್ನ ವ್ಯಾಪಾರ ನಿರ್ಬಂಧವಿದ್ದ ಕ್ಯೂಬಾಕ್ಕೆ ಬಾಂಗ್ಲಾದೇಶ ಸೆಣಬಿನ ಚೀಲ ಮಾರಿದ್ದನ್ನು ಮುಂದುಮಾಡಿ, ಆಹಾರ ನೆರವನ್ನು ತಡೆಹಿಡಿದದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಸತ್ತವರ ಅಧಿಕೃತ ಸಂಖ್ಯೆ ಸುಮಾರು 26,000. ನಿಜವಾದದ್ದು ಅದಕ್ಕಿಂತ ಬಹಳ ಹೆಚ್ಚೆಂದು ಅನೇಕ ವಿದ್ವಾಂಸರು ಅಂದಾಜಿಸಿದ್ದಾರೆ.

ಜನಸಂಖ್ಯೆಯ ಒತ್ತಡವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ತಲೆಮಾರಿನಿಂದ ತಲೆಮಾರಿಗೆ ಹಿಸ್ಸೆಯಾಗುತ್ತ ಹೋದ ಜಮೀನು ಅನೇಕ ಕುಟುಂಬಗಳನ್ನು ಕೂಲಿಗೆ ಇಳಿಸಿತ್ತು. ಆಗ ಒಬ್ಬ ಮಹಿಳೆಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಾಗುತ್ತಿದ್ದರು. ಹುಟ್ಟಿದ ಮಕ್ಕಳಲ್ಲಿ ಎಷ್ಟು ಉಳಿಯುತ್ತವೆಂಬ ಭರವಸೆಯಿಲ್ಲದ, ಮುಪ್ಪಿನಲ್ಲಿ ಮಗನೊಬ್ಬನೇ ಆಸರೆಯಾಗಿದ್ದ ಮನೆಗಳಲ್ಲಿ ಅದು ಅವಿವೇಕವೇನಾಗಿರಲಿಲ್ಲ. ಬಡತನಕ್ಕೆ ಹೆಚ್ಚು ಮಕ್ಕಳು ಕಾರಣವಾದಂತೆ ಹೆಚ್ಚು ಮಕ್ಕಳಿಗೆ ಬಡತನವೂ ಕಾರಣ ಎಂಬುದನ್ನು ಮಾಲ್ಥಸ್ ಸರಿಯಾಗಿ ಗಣಿಸಲಿಲ್ಲ.

1977ರಲ್ಲಿ ಮತ್ಲಬ್ ಎಂಬ ಗ್ರಾಮೀಣ ಪ್ರದೇಶದ ಅರ್ಧದಷ್ಟು ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಗರ್ಭನಿರೋಧಕ ವಿಧಾನಗಳನ್ನು ವಿವರಿಸಿ, ಆಯ್ಕೆಯನ್ನು ಹೆಂಗಸರಿಗೇ ಬಿಟ್ಟರು. ಉಳಿದ ಹಳ್ಳಿಗಳಿಗಿಂತ ಅಲ್ಲಿ ಜನನ ಪ್ರಮಾಣ ಬೇಗ ಇಳಿಯಿತು. ಮುಂದೆ ಇಡೀ ದೇಶದಲ್ಲಿ ಇಂಥ ಸೇವೆ ವಿಸ್ತರಿಸಿ, ಹೆಣ್ಣುಮಕ್ಕಳು ಶಾಲೆಗೂ ಗಾರ್ಮೆಂಟ್ ಕಾರ್ಖಾನೆಗಳಿಗೂ ಹೋಗತೊಡಗಿದ ಮೇಲೆ, 2011ರ ವೇಳೆಗೆ ಒಬ್ಬ ಮಹಿಳೆಗೆ ಆಗುವ ಮಕ್ಕಳ ಸರಾಸರಿ ಸುಮಾರು 2.3ಕ್ಕೆ ಇಳಿದಿತ್ತು. ಈ ಅವಧಿಯಲ್ಲಿ ಜನಸಂಖ್ಯೆ ಎರಡು ಪಟ್ಟಾಯಿತಾದರೂ, ಕೊಳವೆಬಾವಿ ನೀರಿನಿಂದ ಬೆಳೆದ, ಬೋರೊ ಎಂಬ ಒಣ ಹಂಗಾಮಿನ ಭತ್ತದ ಬಲದಿಂದ ಅಕ್ಕಿಯ ಉತ್ಪಾದನೆ ಮೂರು ಪಟ್ಟಾಗಿದೆ.