ಬ್ಯಾಗಿನಲ್ಲಿ ಸಿಕ್ಕ ಪೊಟ್ಟಣ, ಮದುವೆ ಮನೆಯ ಗ್ಲಾಸು

ಹದಿಹರೆಯದ ಮಕ್ಕಳು ಮತ್ತು ನಶೆಯ ಬಗ್ಗೆ ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ನಮ್ಮ ಆಪ್ತಸಮಾಲೋಚಕರ ಬಳಗದ ಉತ್ತರ. ಕೇಳಿದವರ ಹೆಸರು ಪ್ರಕಟಿಸಿಲ್ಲ.

ಪ್ರಶ್ನೆ: ಮಗನಿಗೆ 16 ವರ್ಷ. ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ರಜೆಗೆ ಬಂದಾಗ ಬಟ್ಟೆ ಒಗೆಯೋಣವೆಂದು ಬ್ಯಾಗ್ ತೆಗೆದರೆ ಸುತ್ತುವ ಕಾಗದ, ಸಣ್ಣ ಪೊಟ್ಟಣದಲ್ಲಿ ಗಾಂಜಾ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ. ಅವರಪ್ಪನಿಗೆ ಹೇಳಿದರೆ ಬೆಲ್ಟ್ ತೆಗೆಯುತ್ತಾರೆ. ನಾದಿನಿ ಮೂತ್ರ ಪರೀಕ್ಷೆಯ ಕಿಟ್ ತರಿಸಿ ಅನ್ನುತ್ತಾಳೆ. ಏನು ಮಾಡಲಿ?
— ತಾಯಿ, ನಾಪೋಕ್ಲು ಸಮೀಪ

ಉತ್ತರ: ಸಿಕ್ಕ ದಿನವೇ ಮಾತಿಗೆ ಕೂರಬೇಡಿ. ನಿಮ್ಮ ಕೈಕಾಲು ನಡುಗುವುದು ನಿಲ್ಲಲಿ. ಆದರೆ ಎರಡು ದಿನಕ್ಕಿಂತ ಮುಂದೂಡಲೂಬೇಡಿ, ರಜೆ ಮುಗಿದು ಅವನು ಬಸ್ ಹತ್ತಿಬಿಡುತ್ತಾನೆ. ಪೊಟ್ಟಣವನ್ನು ‘ಸಾಕ್ಷಿ’ ಎಂದು ಬೀರುವಿನಲ್ಲಿಟ್ಟು ನೆಂಟರಿಗೆ ತೋರಿಸುವವರಿದ್ದಾರೆ. ಗಾಂಜಾ ಎಷ್ಟೇ ಕಡಿಮೆಯಿದ್ದರೂ ಇಟ್ಟುಕೊಳ್ಳುವುದು 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಉಳಿಸಬೇಡಿ.

ಮಾತನಾಡುವವರು ಒಬ್ಬರೇ ಇರಲಿ, ಇಲ್ಲಿ ನೀವೇ. ಎದುರಿಗೆ ಕೂರಿಸಿಕೊಂಡರೆ ಅದು ವಿಚಾರಣೆಯಾಗುತ್ತದೆ. ತೋಟದ ದಾರಿಯಲ್ಲಿ ನಡೆಯುವಾಗಲೋ, ಜೀಪಿನಲ್ಲಿ ಪಕ್ಕ ಕೂತಾಗಲೋ ಹುಡುಗರು ಸಲೀಸಾಗಿ ಬಾಯಿಬಿಡುತ್ತಾರೆ. ‘ನಿನ್ನ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ನನಗೆ ಹೆದರಿಕೆಯಾಗಿದೆ. ಬೈಯೋಕೆ ಕರೆದಿಲ್ಲ’ ಎಂದು ನೇರವಾಗಿ ಶುರುಮಾಡಿ. ಮೊದಲ ಉತ್ತರ ಬಹುತೇಕ ‘ನಂದಲ್ಲ, ಫ್ರೆಂಡ್‌ದು’ ಎಂದೇ ಇರುತ್ತದೆ. ಅದನ್ನು ಸುಳ್ಳೆಂದು ಸಾಬೀತು ಮಾಡಲು ಹೊರಟರೆ ಮಾತು ಅಲ್ಲೇ ಮುಗಿಯಿತು. ‘ಸರಿ, ನಿಮ್ಮ ರೂಮಿನಲ್ಲಿ ಸೇದುವವರಿಗೆ ಅದರಿಂದ ಏನು ಸಿಗುತ್ತೆ?’ ಎಂದು ಕೇಳಿ. ‘ಯಾಕೆ?’ ಎಂದರೆ ‘ಸುಮ್ನೆ’ ಎನ್ನುತ್ತಾನೆ. ‘ಏನು ಸಿಗುತ್ತೆ?’ ಎಂದರೆ ನಿಜ ಹೊರಬರುವ ಸಾಧ್ಯತೆ ಹೆಚ್ಚು.

ಆ ‘ಏನು’ ಎಂಬುದರಲ್ಲೇ ಎಲ್ಲ ಇದೆ. ಕೆನಡಾದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಕಾನ್ರಡ್ ಮಕ್ಕಳನ್ನು ನಶೆಯತ್ತ ಎಳೆಯುವ ನಾಲ್ಕು ಸ್ವಭಾವಗಳನ್ನು ಗುರುತಿಸಿದ್ದಾರೆ. ನನ್ನಿಂದೇನೂ ಆಗದು ಎಂಬ ನಿರಾಶೆಯವನು ನೋವು ಮರೆಯಲು ಸೇದುತ್ತಾನೆ. ಎದೆ ಹೊಡೆದುಕೊಂಡರೂ ಗಾಬರಿಯಾಗುವವನು ಆ ಗಾಬರಿ ತಣಿಸಲು. ದುಡುಕಿನವನಿಗೆ ಕಾರಣವೇ ಬೇಕಿಲ್ಲ, ಕೈಗೆ ಬಂತು, ಸೇದಿದ. ನಾಲ್ಕನೆಯವನಿಗೆ ಬೇಕಿರುವುದು ಹೊಸ ಅನುಭವದ ರೋಮಾಂಚನ. ನಾಲ್ವರಿಗೂ ಒಂದೇ ಮದ್ದು ಹಿಡಿಯದು. ಮನೆ ಬಿಟ್ಟ ಬೇಸರದಿಂದ ನಿದ್ದೆ ಬಾರದೆ ಸೇದುವ ಹುಡುಗನಿಗೆ ಶ್ವಾಸಕೋಶದ ಚಿತ್ರ ತೋರಿಸಿ ಏನು ಪ್ರಯೋಜನ? ವಾರಕ್ಕೆರಡು ಸಲ ನಿಗದಿತ ಹೊತ್ತಿಗೆ ಫೋನು, ಸಾಧ್ಯವಾದರೆ ರೂಮಿನ ಬದಲಾವಣೆ, ನಿದ್ದೆಗೆ ವೈದ್ಯರ ಸಲಹೆ, ಇವು ಅವನಿಗೆ ಬೇಕಾದ್ದು.

ಇನ್ನು ಬೆಲ್ಟು. ಏಟು ತಿಂದವನು ಸೇದುವುದನ್ನು ಬಿಡುವುದಕ್ಕಿಂತ ಮುಚ್ಚಿಡುವುದನ್ನು ಬೇಗ ಕಲಿಯುತ್ತಾನೆ. ಹಾಗೆಂದು ಬಿಟ್ಟುಬಿಡಿ ಎನ್ನುತ್ತಿಲ್ಲ. ಸುಖ ಬಯಸುವ ಮೆದುಳಿನ ಭಾಗ ಈ ವಯಸ್ಸಿಗೆ ಚುರುಕಾಗಿರುತ್ತದೆ; ತಡೆಯುವ ಮುಂಭಾಗ ಬಲಿಯಲು 25ರ ಆಸುಪಾಸು ಬೇಕು. ಆ ತಡೆ ಅಲ್ಲಿಯವರೆಗೆ ಹೊರಗಿನಿಂದ, ಅಂದರೆ ನಿಮ್ಮಿಂದ ಬರಬೇಕು. ಕೈಖರ್ಚು ತಿಂಗಳಿಗೊಮ್ಮೆ ಕೊಡುತ್ತಿದ್ದರೆ ವಾರಕ್ಕೊಮ್ಮೆ ಕೊಡಿ, ಲೆಕ್ಕ ಕೇಳಿ. ಮತ್ತೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಈಗಲೇ ಹೇಳಿ. ಶಿಕ್ಷೆ ಚಿಕ್ಕದಿರಲಿ, ತಪ್ಪದಿರಲಿ. ಯಜಮಾನರಿಗೂ ಇದನ್ನೇ ತೋರಿಸಿ. ಅವರಿಂದ ಬಚ್ಚಿಟ್ಟರೆ ಮಗನಿಗೆ ಇಬ್ಬರ ನಡುವಿನ ಸಂದು ಸಿಗುತ್ತದೆ.

ಕಿಟ್ ಬೇಡ. ಒಂದೆರಡು ಸಲ ಸೇದಿದವನಲ್ಲಿ ಗಾಂಜಾ ಮೂರ್ನಾಲ್ಕು ದಿನ, ನಿತ್ಯ ಸೇದುವವನಲ್ಲಿ ತಿಂಗಳಿಗೂ ಹೆಚ್ಚು ಮೂತ್ರದಲ್ಲಿ ಕಾಣಬಹುದು. ‘ಪಾಸಿಟಿವ್’ ಬಂದರೆ ಯಾವಾಗ ಸೇದಿದ ಎಂದು ತಿಳಿಯದು, ‘ನೆಗೆಟಿವ್’ ಬಂದರೆ ಸೇದಿಲ್ಲ ಎಂದೂ ಅಲ್ಲ. ಉಳಿದ ನಂಬಿಕೆಯೂ ಹೋಗುತ್ತದೆ. ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ.

ನಿತ್ಯ ಸೇದುತ್ತಿದ್ದವನು ಬಿಟ್ಟರೆ ಒಂದೆರಡು ದಿನದೊಳಗೆ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಶುರುವಾಗಿ ಮೊದಲ ವಾರ ಜೋರಾಗಿರುತ್ತದೆ, ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಇಳಿಯುತ್ತದೆ. ಅದನ್ನು ಸೊಕ್ಕು ಎಂದುಕೊಳ್ಳಬೇಡಿ. ಆದರೆ ಯಾರೋ ಮಾತಾಡಿದಂತೆ ಕೇಳಿಸುತ್ತದೆ, ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದರೆ ಒಂದು ದಿನವೂ ಕಾಯದೆ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಚಿತ್ತವಿಕಾರವಿದ್ದರೆ ಗಾಂಜಾದಿಂದ ಅಪಾಯ ಹೆಚ್ಚು. ಆ ವಿಷಯ ವೈದ್ಯರಿಗೆ ಮುಚ್ಚಿಡಬೇಡಿ. ಕೇಸು ಬೀಳುತ್ತದೆಂಬ ಹೆದರಿಕೆಯೇ? ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಮೊದಲು ಫೋನಿನಲ್ಲೇ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲುರಾತ್ರಿ, ಕನ್ನಡದಲ್ಲಿ.

ಪ್ರಶ್ನೆ: ಪುತ್ತರಿ (ಸುಗ್ಗಿ ಹಬ್ಬ), ಮದುವೆ ಎಂದರೆ ನಮ್ಮಲ್ಲಿ ಮದ್ಯ ಇದ್ದದ್ದೇ. ನನ್ನ ಭಾವ 14 ವರ್ಷದ ಮಗನಿಗೆ ‘ಮನೆಯಲ್ಲೇ ಕುಡಿದು ಕಲಿಯಲಿ, ಹೊರಗೆ ಕೆಡುವುದಿಲ್ಲ’ ಎಂದು ಅರ್ಧ ಪೆಗ್ ಹಾಕಿ ಕೊಟ್ಟರು. ಇದರಲ್ಲಿ ಹುರುಳಿದೆಯೇ?
— ಪೊನ್ನಂಪೇಟೆ ಓದುಗರು

ಉತ್ತರ: ಇಲ್ಲ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನು 12ರ ಆಸುಪಾಸಿನಿಂದ ಆರು ವರ್ಷ ಹಿಂಬಾಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೆತ್ತವರೇ ಮದ್ಯ ಕೊಟ್ಟದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಅಂಥ ಮಕ್ಕಳು ಮುಂದೆ ಹೊರಗಿನವರಿಂದಲೂ ಪಡೆದು ಕುಡಿಯುವ ಸಂಭವವೇ ಹೆಚ್ಚಿತ್ತು. ಹುಡುಗ ಕಲಿಯುವುದು ‘ಮಿತ’ವನ್ನಲ್ಲ, ‘ಅನುಮತಿ’ಯನ್ನು.

ಗುರುಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಇಡುವ ಮದ್ಯದ ಎಡೆಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಎಡೆ ಬೇರೆ, ಮಗುವಿನ ಕೈಗೆ ಗ್ಲಾಸು ಬೇರೆ. ಭಾವನವರಿಗೆ ಹಬ್ಬದ ದಿನ ಎಲ್ಲರೆದುರು ಹೇಳಿದರೆ ಮರ್ಯಾದೆಯ ಪ್ರಶ್ನೆಯಾಗುತ್ತದೆ. ನಾಲ್ಕು ದಿನ ಮೊದಲೇ, ಅವರೊಬ್ಬರೇ ಇದ್ದಾಗ ಹೇಳಿ. ಮಗುವಿಗೆ ಮದ್ಯ ಕೊಡುವುದು ಬಾಲನ್ಯಾಯ ಕಾಯ್ದೆ 2015ರ 77ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ತರಬಲ್ಲ ಅಪರಾಧ ಎಂಬುದನ್ನೂ ಕಿವಿಗೆ ಹಾಕಿ.

ಮದುವೆ ಮನೆಗಳಲ್ಲಿ ಯಾರೂ ಗಮನಿಸದ ಒಂದು ಸಂಗತಿ: ಮಕ್ಕಳು ಕದ್ದು ಕುಡಿಯುವುದು ಬಾಟಲಿಯಿಂದಲ್ಲ, ಮೇಜಿನ ಮೇಲೆ ಬಿಟ್ಟುಹೋದ ಅರ್ಧ ಗ್ಲಾಸುಗಳಿಂದ. ಅವನ್ನು ಎತ್ತಲು ದೊಡ್ಡವರೊಬ್ಬರನ್ನು ನೇಮಿಸಿ. ಬಡಿಸುವ ಕೆಲಸವನ್ನು ಹುಡುಗರಿಗೆ ಕೊಡಲೇಬೇಡಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಕೆಲ ಮಕ್ಕಳು ವೈಟ್‌ನರ್, ಪಂಕ್ಚರ್ ಸಲ್ಯೂಷನ್ ಮೂಸುತ್ತಿದ್ದಾರೆ. ಪ್ರತಿ ಜೂನ್ 26ಕ್ಕೆ ಮಾದಕವಸ್ತು ವಿರೋಧಿ ದಿನದ ಭಾಷಣ ಮಾಡಿಸುತ್ತೇವೆ. ಫಲ ಕಾಣುತ್ತಿಲ್ಲ.
— ಶಿಕ್ಷಕರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಮೊದಲು ಜೀವದ ಮಾತು. ಈ ದ್ರಾವಕಗಳ ಆವಿ ಒಳಹೋದಾಗ ಹೃದಯ ಗಾಬರಿಯಲ್ಲಿ ದೇಹ ಹೊರಬಿಡುವ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಆಗ ಹೆದರಿಸಿದರೆ, ಓಡಿಸಿದರೆ ಬಡಿತ ತಾಳತಪ್ಪಿ ನಿಂತೇಹೋಗಬಹುದು, ಮೊದಲ ಸಲ ಮೂಸಿದವನಿಗೂ. ಆದ್ದರಿಂದ ಶೌಚಾಲಯದ ಹಿಂದೆ ಸಿಕ್ಕಿಬಿದ್ದವನನ್ನು ಕೂಗಿ ಅಟ್ಟಿಸಿಕೊಂಡು ಹೋಗಬೇಡಿ. ಮೆಲ್ಲಗೆ ಹತ್ತಿರ ಹೋಗಿ, ಮೂಸುತ್ತಿದ್ದ ಬಟ್ಟೆ ಅಥವಾ ಕವರ್ ತೆಗೆದು, ಗಾಳಿಗೆ ಕೂರಿಸಿ. ಎಚ್ಚರ ತಪ್ಪಿದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಉಸಿರಾಟ ನಿಂತಿದ್ದರೆ ಆಂಬ್ಯುಲೆನ್ಸ್ ಬರುವವರೆಗೆ ಎದೆ ಒತ್ತುತ್ತಿರಿ. ವಿಚಾರಣೆ ಮರುದಿನಕ್ಕಿರಲಿ. ಗುರುತು: ತೋಳಿನ ಬಟ್ಟೆಯಲ್ಲಿ ಪೇಂಟಿನಂಥ ವಾಸನೆ, ಮೂಗು-ಬಾಯಿಯ ಸುತ್ತ ಕೆಂಪು ಗುಳ್ಳೆ.

ಇನ್ನು ಭಾಷಣ. ಅಮೆರಿಕದಲ್ಲಿ 1983ರಲ್ಲಿ ಶುರುವಾದ ‘ಡೇರ್’ ಕಾರ್ಯಕ್ರಮದಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಅದರ ಮೂಲ ಪಾಠಕ್ರಮವನ್ನು ಮತ್ತೆಮತ್ತೆ ಅಳೆದು ನೋಡಿದಾಗ ಬಾಳುವ ಪರಿಣಾಮ ಕಾಣಲಿಲ್ಲ. ಭಾಷಣ ಕೇಳಿದ ಹುಡುಗನ ತಲೆಯಲ್ಲಿ ಉಳಿಯುವುದು ‘ಎಲ್ಲರೂ ಮಾಡ್ತಾರಂತೆ’ ಎಂಬುದು. ಫಲಿಸಿದ್ದು ಬೇರೆ ದಾರಿಗಳು. ಕಾನ್ರಡ್ ಅವರ ವಿಧಾನದಲ್ಲಿ ಪ್ರಶ್ನಾವಳಿಯಿಂದ ಸ್ವಭಾವ ಗುರುತಿಸಿ, ಒಂದೇ ಸ್ವಭಾವದ ಸಣ್ಣ ಗುಂಪಿಗೆ 90 ನಿಮಿಷದ ಎರಡು ಕೂಟ ನಡೆಸುತ್ತಾರೆ. ಅಲ್ಲಿ ನಶೆಯ ಮಾತು ಕಡಿಮೆ. ಸಿಟ್ಟು ಬಂದಾಗ, ಎದೆ ಹೊಡೆದುಕೊಂಡಾಗ ಏನು ಮಾಡುವುದು ಎಂಬ ಅಭ್ಯಾಸವೇ ಹೆಚ್ಚು. ‘ಇವರು ನಶೆಯವರು’ ಎಂಬ ಹಣೆಪಟ್ಟಿ ಮಾತ್ರ ಅಂಟಬಾರದು. ತರಬೇತಿಯಿಲ್ಲದೆ ಪೂರ್ತಿ ನಡೆಸುವುದು ಕಷ್ಟ. ಆದರೆ ‘ಬೇಡ’ ಎನ್ನುವುದನ್ನು ಜೋಡಿಯಾಗಿ ಆಡಿ ಕಲಿಸುವುದು ನಾಳೆಯೇ ಸಾಧ್ಯ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನ (ಹದಿಹರೆಯದವರ ವಿಭಾಗ) ಆಪ್ತಸಮಾಲೋಚಕರನ್ನೂ ಕರೆಯಿರಿ.

ಐಸ್‌ಲೆಂಡಿನಲ್ಲಿ 1998ರಲ್ಲಿ 15–16ರ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದರು. 2016ಕ್ಕೆ ಅದು ಶೇ. 5ಕ್ಕಿಳಿಯಿತು. ರಾತ್ರಿ ಹೊರಗಿರಲು ಗಡುವು, ಹೆತ್ತವರ ಪರಸ್ಪರ ಒಪ್ಪಂದ, ತರಬೇತುದಾರರಿರುವ ಕ್ರೀಡಾ ಕ್ಲಬ್ಬು, ಇವೆಲ್ಲವನ್ನೂ ಅಲ್ಲಿ ಒಟ್ಟಿಗೆ ಜಾರಿಗೆ ತಂದಿದ್ದರು. 1997ರಿಂದ ಕುಟುಂಬಕ್ಕೆ ಕುಟುಂಬವೇ ಹಾಕಿ ಆಡುತ್ತಿರುವ ನಮ್ಮ ಕೊಡಗು ಜಿಲ್ಲೆಗೆ ಮೈದಾನದ ಬಡತನವಿಲ್ಲ. ಆದರೆ ಸ್ಟಿಕ್ ಹಿಡಿದ ಮಾತ್ರಕ್ಕೆ ರಕ್ಷಣೆಯಿಲ್ಲ. ಪಂದ್ಯ ಮುಗಿದ ಮೇಲೆ ಹುಡುಗರು ಯಾರ ಜತೆ, ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಕೋಚ್ ನೋಡಿಕೊಳ್ಳಬೇಕು.

ಪ್ರಶ್ನೆ: ನನಗೆ 17. ಸಿಗರೇಟ್ ಬಿಟ್ಟು ಮೂರು ದಿನ. ತಲೆ ಸಿಡಿಯುತ್ತಿದೆ, ಕೈ ನಡುಗುತ್ತೆ, ನಿದ್ದೆಯಿಲ್ಲ. ಮನೆಯಲ್ಲಿ ಹೇಳಿಲ್ಲ.
— ಕುಶಾಲನಗರ

ಉತ್ತರ: ಅತಿ ಕಷ್ಟದ ದಿನಗಳು ಇವೇ. ನಿಕೋಟಿನ್ ಬಿಟ್ಟ ತೊಂದರೆ ಎರಡು-ಮೂರನೇ ದಿನ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಸೇದಬೇಕೆನ್ನುವ ಒತ್ತಡ ಒಂದೊಂದು ಸಲಕ್ಕೆ ಕೆಲವೇ ನಿಮಿಷ. ಗಡಿಯಾರ ನೋಡಿ ಹತ್ತು ನಿಮಿಷ ತಳ್ಳು, ನೀರು ಕುಡಿ, ಜಾಗ ಬದಲಿಸು. ಸೇದುತ್ತಿದ್ದ ಅಂಗಡಿಯ ದಾರಿ ಒಂದು ತಿಂಗಳು ಬೇಡ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800 11 2356ಕ್ಕೆ ಫೋನು ಮಾಡು, ಖರ್ಚಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ಹೇಳು. ಬಿಟ್ಟಿದ್ದೇನೆ ಎಂದು ಹೇಳುವುದು ಸೇದುತ್ತೇನೆ ಎನ್ನುವುದಕ್ಕಿಂತ ಸುಲಭ. ಇನ್ನೊಂದು, ನಮ್ಮೂರಿನವರಿಗೆ ಮುಖ್ಯವಾದದ್ದು: ಸಿಗರೇಟಿನ ಹೊಗೆಯಿದ್ದಾಗ ದೇಹ ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಅದೇ ನಾಲ್ಕು ಲೋಟ ಕಾಫಿಯ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಿನ್ನ ನಡುಕ, ನಿದ್ದೆಗೇಡಿನಲ್ಲಿ ಅದರ ಪಾಲೂ ಇರಬಹುದು. ಕಾಫಿಯನ್ನು ಅರ್ಧಕ್ಕೆ ಇಳಿಸು, ಮಧ್ಯಾಹ್ನದ ಮೇಲೆ ಬೇಡವೇ ಬೇಡ.